ಹಿತ್ತಲ ಹೂವು, ಪೇಟೆಯ ಪ್ರದರ್ಶನ: ಚಿತ್ರ ಬರೆಯುವವರು ವಸಂತವನ್ನು ತೂಗಿಸುವ ಬಗೆ

ಫೆಬ್ರವರಿ ಬಂತೆಂದರೆ ನನಗೆ ಎರಡು ಕಡೆಯಿಂದ ಕರೆ. ಒಂದು ಕಡೆ ಹಿತ್ತಲು. ಬೇಲಿಯಾಚೆಯ ಮುತ್ತುಗ ಮೊಗ್ಗು ಕಟ್ಟಿರುತ್ತದೆ, ಸುರಗಿ ಮರದ ಕೆಳಗೆ ನಿಂತರೆ ಜೇನಿನ ಸದ್ದು ಕೇಳುತ್ತದೆ, ಕುಟ್ರು ಹಕ್ಕಿ ಬೆಳಗಿನಿಂದ ಸಂಜೆವರೆಗೆ ಒಂದೇ ಸಮನೆ ಕೂಗುತ್ತಿರುತ್ತದೆ. ಇನ್ನೊಂದು ಕಡೆ ಬೆಂಗಳೂರಿನ ಫೋನು. "ಮೇಡಂ, ಗುಂಪು ಪ್ರದರ್ಶನ ಇದೆ, ಆರು ಚಿತ್ರ ಬೇಕು, ಮಾರ್ಚ್ ಹತ್ತರೊಳಗೆ ಫ್ರೇಮ್ ಹಾಕಿಸಿ ಕಳಿಸಿಬಿಡಿ." ಹೂವೂ ಕಾಯುವುದಿಲ್ಲ, ಗ್ಯಾಲರಿಯವರೂ ಕಾಯುವುದಿಲ್ಲ.

ನಾನಿರುವುದು ಸಾಗರ ಮತ್ತು ಸಿರಸಿ ನಡುವಿನ ಒಂದು ಹಳ್ಳಿಯಲ್ಲಿ. ಕೆಳಗೆ ಅಡಿಕೆ ತೋಟ, ಮೇಲೆ ಬ್ಯಾಣ (ಹುಲ್ಲು ಬೆಳೆಯುವ ಗುಡ್ಡ), ನಡುವೆ ಸುಮಾರು ಅರ್ಧ ಎಕರೆ ಹಿತ್ತಲು. ಹಿತ್ತಲು ಅಂದರೂ ಅರ್ಧ ಕಾಡೇ. ಬರೆಯುವುದು ಜಲವರ್ಣದಲ್ಲಿ, ಹೆಚ್ಚಾಗಿ ಹೂವು, ಚಿಗುರು, ಕಾಯಿ. ಹಳ್ಳಿಯಲ್ಲಿದ್ದು ಚಿತ್ರ ಬರೆಯುವ, ಬರೆದದ್ದನ್ನು ಪೇಟೆಗೆ ಒಯ್ದು ತೋರಿಸಬೇಕೆಂದಿರುವ ಸುಮಾರು ಜನ ಒಂದೇ ಪ್ರಶ್ನೆ ಕೇಳುತ್ತಾರೆ: ಎರಡನ್ನೂ ಹೇಗೆ ತೂಗಿಸುತ್ತೀರಿ? ಅದಕ್ಕೆ ಉತ್ತರವಾಗಿ ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಈ ವಸಂತದಲ್ಲಿ ಬರೆದದ್ದನ್ನು ಈ ವಸಂತದಲ್ಲೇ ತೋರಿಸಲು ಹೋಗಬೇಡಿ. ಮುಂದಿನ ವರ್ಷ ತೋರಿಸಿ.

ಇದನ್ನು ನಾನು ಕಲಿತದ್ದು ಒಂದು ಮುತ್ತುಗದಿಂದ. ಒಂದು ವರ್ಷ ಪ್ರದರ್ಶನದ ದಿನ ಹತ್ತಿರ ಬಂದಿತ್ತು, ಒಂದು ಚಿತ್ರ ಕಡಿಮೆ ಬಿದ್ದಿತ್ತು. ಮರದ ಹತ್ತಿರ ಕೂರಲು ಸಮಯವಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ, ಬೆಂಗಳೂರಿನ ನೆಂಟರ ಮನೆಯ ಊಟದ ಮೇಜಿನ ಮೇಲೆ ಎರಡು ರಾತ್ರಿ ಕೂತು ಮುಗಿಸಿದೆ. ಪ್ರದರ್ಶನದ ಎರಡನೇ ದಿನ ಹಾವೇರಿ ಕಡೆಯ ಒಬ್ಬ ಹಿರಿಯರು ಬಂದರು. ಆ ಚಿತ್ರದ ಮುಂದೆ ಸುಮಾರು ಹೊತ್ತು ನಿಂತರು. ಆಮೇಲೆ ಮೆಲ್ಲಗೆ, "ತಂಗೀ, ಇದು ಮುತ್ತುಗ ಹೌದಲ್ಲ? ತೊಟ್ಟಿನ ಹತ್ತಿರ ಕಪ್ಪಗಿರಬೇಕಲ್ವಾ?" ಅಂದರು. ಸರಿಯಾಗೇ ಹೇಳಿದ್ದರು. ಮುತ್ತುಗದ ಹೂವು ಕೂತಿರುವ ಪುಟ್ಟ ಬಟ್ಟಲು ಕಂದುಗಪ್ಪು ಮಖಮಲ್ಲಿನ ಹಾಗಿರುತ್ತದೆ. ಆ ಕಪ್ಪು ಇರುವುದರಿಂದಲೇ ಕಿತ್ತಳೆ ಬಣ್ಣ ಅಷ್ಟು ಉರಿದಂತೆ ಕಾಣುತ್ತದೆ. ಫೋಟೊದಲ್ಲಿ ಅದೆಲ್ಲ ನೆರಳಲ್ಲಿ ಕರಗಿಹೋಗಿತ್ತು, ನಾನು ಸುಮ್ನೆ ಹಸಿರು ಹಚ್ಚಿದ್ದೆ. ಆ ಚಿತ್ರವನ್ನು ಅವತ್ತೇ ಗೋಡೆಯಿಂದ ಇಳಿಸಿದೆ.

ಅಲ್ಲಿಂದ ಮುಂದೆ ವರ್ಷವನ್ನು ಹೀಗೆ ಭಾಗ ಮಾಡಿಕೊಂಡೆ. ಜನವರಿಯಿಂದ ಮೇ ತನಕ ಬರೆಯುವುದು. ಮಳೆಗಾಲದಲ್ಲಿ ಒಳಗೆ ಕೂತು ಅರ್ಧ ಉಳಿದದ್ದನ್ನು ಮುಗಿಸುವುದು, ಆರಿಸುವುದು. ದೀಪಾವಳಿ ಕಳೆದ ಮೇಲೆ ಫ್ರೇಮು. ಜನವರಿಯಿಂದ ಮಾರ್ಚ್ ಒಳಗೆ ಪ್ರದರ್ಶನ. ಹೀಗೆ ಮಾಡಿದರೆ ವಸಂತದಲ್ಲಿ ಬೆಂಗಳೂರಿಗೆ ಹೋಗುವಾಗ ನಿಮ್ಮ ಕೈಯಲ್ಲಿ ಹೋದ ವರ್ಷದ ಹೂವಿರುತ್ತದೆ, ಅವಸರ ಇರುವುದಿಲ್ಲ. ಈ ವರ್ಷದ ಹೂವು ಹಿತ್ತಲಲ್ಲಿ ಅದರ ಪಾಡಿಗೆ ಅರಳುತ್ತಿರುತ್ತದೆ.

ಹಂತ 1: ಹೂವಿನ ದಿನಚರಿ ಇಡಿ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಮರಕ್ಕೂ ಒಂದು ಪುಟ. ಮೊದಲ ಮೊಗ್ಗು ಕಂಡ ದಿನ, ಮೊದಲ ಹೂವು, ಮರದ ತುಂಬ ಅರಳಿದ ದಿನ, ಉದುರಿ ಮುಗಿದ ದಿನ. ಇಷ್ಟೇ. ಮೂರು ವರ್ಷ ಬರೆದರೆ ನಿಮ್ಮ ಹಿತ್ತಲಿನದೇ ಪಂಚಾಂಗ ಸಿದ್ಧವಾಗುತ್ತದೆ, ಯಾವ ವಾರ ಊರು ಬಿಡಬಾರದು ಅಂತ ಅದೇ ಹೇಳುತ್ತದೆ.

ನಮ್ಮ ಕಡೆ ಹೆಚ್ಚುಕಡಿಮೆ ಹೀಗಿರುತ್ತದೆ. ಜನವರಿ ಕೊನೆಗೆ ಬೂರುಗ ಮತ್ತು ಹಾಲುವಾಣ, ಎರಡೂ ಎಲೆ ಉದುರಿಸಿ ಬರೀ ಕೆಂಪು ಹೊತ್ತು ನಿಲ್ಲುತ್ತವೆ. ಗೇರು, ಮಾವು ಹೂವಾಗಿರುತ್ತವೆ. ಶಿವರಾತ್ರಿ ಆಸುಪಾಸಿಗೆ ಮುತ್ತುಗ, ಸುರಗಿ. ಯುಗಾದಿಗೆ ಹೊಂಗೆ. ಆದರೆ ಯುಗಾದಿ ಹೊತ್ತಿಗೆ ನಾನು ಹೂವಿಗಿಂತ ಚಿಗುರಿಗೇ ಜಾಸ್ತಿ ಕಾಯುತ್ತೇನೆ. ಸಾಗಡೆ ಮರದ ಚಿಗುರು ದೂರದಿಂದ ನೋಡಿದರೆ ಹೂವೇ ಅನ್ನಿಸುವಷ್ಟು ಕೆಂಪು. ಮಾವಿನದು ತಾಮ್ರದ ಬಣ್ಣ. ಅಶೋಕದ ಎಳೆ ಎಲೆಗಳು ಒದ್ದೆ ಬಟ್ಟೆ ಒಣಹಾಕಿದ ಹಾಗೆ ಜೋತುಬಿದ್ದಿರುತ್ತವೆ. ಎಲೆಯಲ್ಲಿ ಹಸಿರು ತುಂಬುವ ಮೊದಲು ಕಾಣುವ ಈ ಕೆಂಪು ಬಣ್ಣ ಎಳೆ ಎಲೆಯನ್ನು ಬಿಸಿಲಿನಿಂದ ಕಾಪಾಡುತ್ತದೆ. ಕೆಲವೇ ದಿನ, ಆಮೇಲೆ ಹಸಿರಿಗೆ ತಿರುಗಿಬಿಡುತ್ತದೆ. ಏಪ್ರಿಲ್‌ನಲ್ಲಿ ಕಕ್ಕೆ. ಮೇ ಕೊನೆಗೆ, ಮೊದಲ ಮಳೆಯ ಹೊತ್ತಿಗೆ, ಹಳೆಯ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಹೂವು.

ಕಾಫಿ ಗಿಡ ಇದ್ದವರಿಗೆ ಇನ್ನೊಂದು ಸುಲಭದ ಲೆಕ್ಕ ಇದೆ. ಕಾಫಿ ಮೊಗ್ಗು ಹೂಮಳೆಗೆ ಕಾದು ಸುಮ್ಮನೆ ಕೂತಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಎಲ್ಲ ಗಿಡವೂ ಒಟ್ಟಿಗೆ ಅರಳುತ್ತದೆ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಅಂದರೆ ಮಳೆ ಬಂದ ದಿನವೇ ಕ್ಯಾಲೆಂಡರ್ ತೆಗೆದು ಗುರುತು ಹಾಕಬಹುದು. ಹೂವು ಮುಂಚೆ ನೋಟೀಸು ಕೊಡುವುದು ಬಹಳ ಕಡಿಮೆ, ಕೊಟ್ಟಾಗ ಬಿಡಬಾರದು.

ನಿಮ್ಮದು ಬಯಲುಸೀಮೆಯಾದರೆ ಪಟ್ಟಿ ಬೇರೆಯಾಗುತ್ತದೆ. ಬೆಂಗಳೂರಿನ ಒಳಗೇ ಇದ್ದರೂ ಚಿಂತೆಯಿಲ್ಲ. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚನ್ನಬಸವಯ್ಯ (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಯಲಲ್ಲೇ ನಿಂತು ಬರೆದವರು. ರಾಜಾಜಿನಗರದ ರುಮಾಲೆ ಆರ್ಟ್ ಹೌಸ್‌ನಲ್ಲಿ ಆ ಚಿತ್ರಗಳಿವೆ. ಸಾಧ್ಯವಾದರೆ ಒಮ್ಮೆ ಹೋಗಿ ನಿಂತು ನೋಡಿ. ರಸ್ತೆ ಬದಿಯ ಮರವನ್ನು ಅಷ್ಟು ಪ್ರೀತಿಯಿಂದ ನೋಡಬಹುದು ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಹಂತ 2: ಹಿತ್ತಲನ್ನು ಅದರ ಪಾಡಿಗೆ ಬಿಡಿ, ಆದರೆ ಪೂರ್ತಿ ಬಿಡಬೇಡಿ

ಚಿತ್ರಕ್ಕೆ ಬೇಕಾದದ್ದು ಒಪ್ಪ ಮಾಡಿದ ಹೂದೋಟವಲ್ಲ. ನರ್ಸರಿಯಿಂದ ತಂದ ಗಿಡ ಯಾರ ಮನೆಯಲ್ಲೂ ಒಂದೇ ಥರ ಇರುತ್ತದೆ. ನಿಮ್ಮ ಬೇಲಿಯಲ್ಲಿ ತಾನಾಗಿ ಎದ್ದ ಕೇಪಳದ ಗಿಡ ಹಾಗಲ್ಲ, ಅದು ಆ ಕಲ್ಲಿನ ಪಕ್ಕಕ್ಕೆ ಬಾಗಿದ ರೀತಿ ಬೇರೆಲ್ಲೂ ಸಿಗುವುದಿಲ್ಲ.

ನಾನು ಹಿತ್ತಲನ್ನು ಮೂರು ಪಾಲು ಮಾಡಿದ್ದೇನೆ. ಒಂದು ಪಾಲಿಗೆ ಕತ್ತಿಯನ್ನೇ ತಾಗಿಸುವುದಿಲ್ಲ. ಒಂದು ಪಾಲಿನಲ್ಲಿ ವರ್ಷಕ್ಕೊಮ್ಮೆ, ಗೌರಿ ಹಬ್ಬ ಕಳೆದ ಮೇಲೆ, ಲಂಟಾನ ಮತ್ತು ಯುಪಟೋರಿಯಂ ಮಾತ್ರ ಕಿತ್ತು ಹಾಕುತ್ತೇವೆ. ಬಿಟ್ಟರೆ ಅವೆರಡೂ ಸೇರಿ ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತವೆ. ಮನೆಗೆ ಹತ್ತಿರದ ಪಾಲಿನಲ್ಲಿ ಬಸಳೆ, ತೊಂಡೆ, ದಾಸವಾಳ, ಅಡುಗೆಮನೆಗೆ ಬೇಕಾದದ್ದು. ನಡುವೆ ಒಬ್ಬರು ನಡೆಯುವಷ್ಟು ಕಾಲುದಾರಿ. ಎರಡು ಕಡೆ ಕೂರುವುದಕ್ಕೆ ಚಪ್ಪಡಿ ಕಲ್ಲು. ತರಗೆಲೆಗೆ ಬೆಂಕಿ ಕೊಡುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಮಾರ್ಚ್ ತಿಂಗಳ ಗಾಳಿಗೆ ಆ ಬೆಂಕಿ ಎಲ್ಲಿಗೆ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ, ಬ್ಯಾಣಕ್ಕೆ ಹತ್ತಿತು ಅಂದರೆ ಬೆಟ್ಟವೇ ಹೋಗುತ್ತದೆ. ತರಗನ್ನು ತೋಟಕ್ಕೆ ಹಾಕಿ, ಗಿಡದ ಬುಡಕ್ಕೆ ಮುಚ್ಚಿ.

ಈಗ ಹೇಳುವುದನ್ನು ಮಲೆನಾಡಿನವರು ಹಗುರವಾಗಿ ತೆಗೆದುಕೊಳ್ಳಬಾರದು. ನಾವು ತರಗೆಲೆ ಮೇಲೆ ಗಂಟೆಗಟ್ಟಲೆ ಕೂರುವ ಕಾಲವೇ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಜಾಸ್ತಿ ಇರುವ ಕಾಲವೂ ಹೌದು. ಉಣುಗು ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇಲ್ಲೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇವತ್ತಿಗೂ ಬೇಸಿಗೆ ಬಂದರೆ ಅದರ ಸುದ್ದಿ ಬರುತ್ತಲೇ ಇರುತ್ತದೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗಿ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ನೆಲದ ಬದಲು ಪ್ಲಾಸ್ಟಿಕ್ ಸ್ಟೂಲು. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಿ, ಆ ಕಡೆ ಬರೆಯಲು ಹೋಗಲೇಬೇಡಿ. ಬೇಸಿಗೆಯಲ್ಲಿ ಜ್ವರ ಬಂದರೆ ಸಾಮಾನ್ಯ ಜ್ವರ ಅಂತ ಕೂರದೆ, ಕಾಡಿನಂಚಲ್ಲಿ ಓಡಾಡಿದ್ದೀರಿ ಅಂತ ಡಾಕ್ಟರಿಗೆ ಹೇಳಿ.

ಹಂತ 3: ಕೂತು ಬರೆಯುವುದು

ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ. ವಸಂತದಲ್ಲಿ ನನ್ನ ಬರೆಯುವ ಹೊತ್ತು ಇಷ್ಟೇ. ಹತ್ತು ಗಂಟೆ ದಾಟಿತೆಂದರೆ ಬಿಸಿಲಿಗೆ ಕಾಗದದ ಮೇಲಿನ ನೀರು ಹಚ್ಚುವಷ್ಟರಲ್ಲೇ ಆರುತ್ತದೆ, ಒಂದು ಬಣ್ಣ ಇನ್ನೊಂದಕ್ಕೆ ಸೇರುವುದಿಲ್ಲ, ಅಂಚು ಗೆರೆ ಎಳೆದಂತೆ ನಿಂತುಬಿಡುತ್ತದೆ. ತೀರಾ ಬೇಕಾದರೆ ಕಾಗದದ ಹಿಂಬದಿಯನ್ನೂ ಒದ್ದೆ ಮಾಡಿ ಹಲಗೆಗೆ ಅಂಟಿಸಿಕೊಳ್ಳಿ, ಸ್ವಲ್ಪ ಹೊತ್ತು ಜಾಸ್ತಿ ಸಿಗುತ್ತದೆ.

ಹೂವನ್ನು ಕೊಯ್ದು ತರುವುದಾದರೆ ಸ್ಟೀಲ್ ಡಬ್ಬಿಯೊಳಗೆ ಒದ್ದೆ ಬಟ್ಟೆ ಹಾಸಿ, ನೆರಳಲ್ಲಿ ತನ್ನಿ. ಒಂದು ಟೊಂಗೆಗಿಂತ ಹೆಚ್ಚು ಮುರಿಯಬೇಡಿ. ಸೀತಾಳೆ ದಂಡೆಯನ್ನಂತೂ ಕೊಯ್ಯಲೇಬೇಡಿ, ಮರದ ಕೆಳಗೆ ಏಣಿ ಇಟ್ಟು ಅಲ್ಲೇ ಬರೆಯಿರಿ.

ಬರೆಯುವ ಅನುಕ್ರಮ ಬಹಳ ಮುಖ್ಯ. ಹೆಚ್ಚಿನವರು ಮೊದಲು ಪೆನ್ಸಿಲ್ ತೆಗೆದುಕೊಂಡು ಪೂರ್ತಿ ಆಕಾರ ಬರೆಯುತ್ತಾರೆ, ಬಣ್ಣಕ್ಕೆ ಬರುವಷ್ಟರಲ್ಲಿ ಹೂವು ಸೋತಿರುತ್ತದೆ. ತಿರುಗಿಸಿ ಮಾಡಿ. ಮೊದಲ ಹತ್ತು ನಿಮಿಷ ಬರೀ ಬಣ್ಣದ ಗುರುತು. ಒಂದು ತುಂಡು ಕಾಗದದ ಮೇಲೆ ಎಸಳಿನ ಬಿಸಿಲು ಭಾಗ, ನೆರಳು ಭಾಗ, ತೊಟ್ಟು, ಮೊಗ್ಗು, ಒಂದೊಂದಕ್ಕೂ ಒಂದೊಂದು ಚುಕ್ಕೆ, ಪಕ್ಕದಲ್ಲಿ ಯಾವ ಬಣ್ಣ ಕಲಸಿದ್ದು ಅಂತ ಬರೆದಿಡಿ. ಆಮೇಲೆ ಅರಳಿದ ಹೂವಿನ ರೇಖೆ, ಆಮೇಲೆ ಮೊಗ್ಗು, ಕೊನೆಗೆ ಎಲೆ, ಕಾಂಡ. ಎಲೆ ಸಂಜೆಗೂ ಹಾಗೇ ಇರುತ್ತದೆ, ನಾಳೆಗೂ ಇರುತ್ತದೆ.

ಮುತ್ತುಗವನ್ನೇ ತೆಗೆದುಕೊಳ್ಳೋಣ. ಒಂದು ಹೂವನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಹೆಬ್ಬೆರಳಿನಷ್ಟು ಉದ್ದ. ಐದು ಎಸಳು: ಹಿಂದಕ್ಕೆ ಬಾಗಿದ ದೊಡ್ಡದೊಂದು, ಅಕ್ಕಪಕ್ಕ ರೆಕ್ಕೆಯಂಥ ಎರಡು, ಮುಂದೆ ಎರಡು ಕೂಡಿ ಗಿಳಿಯ ಕೊಕ್ಕಿನ ಹಾಗೆ ಮೇಲಕ್ಕೆ ಬಾಗಿರುತ್ತವೆ. ಈಗ ಬೆಳಕಿಗೆ ಓರೆ ಹಿಡಿಯಿರಿ. ಕಿತ್ತಳೆಯ ಮೇಲೆ ಬೆಳ್ಳಿ ಪುಡಿ ಉದುರಿಸಿದಂತೆ ಕಾಣುತ್ತದೆ ಅಲ್ವಾ? ಅದು ಸಣ್ಣ ರೋಮ, ಬೆರಳಲ್ಲಿ ಸವರಿದರೆ ಬೆಕ್ಕಿನ ಕಿವಿ ಮುಟ್ಟಿದ ಹಾಗೆ. ಇದನ್ನು ಬರೆಯಲು ಮೊದಲು ತೆಳುವಾಗಿ ಹಳದಿ ಹಚ್ಚಿ ಪೂರ್ತಿ ಆರಲು ಬಿಡಿ. ಅದರ ಮೇಲೆ ಕಿತ್ತಳೆ, ಬಾಗಿದ ಕಡೆಗೆ ಸ್ವಲ್ಪ ಕೆಂಪು. ಬೆಳಕು ಬಿದ್ದ ಅಂಚಲ್ಲಿ ಒದ್ದೆ ಕುಂಚದಿಂದ ಬಣ್ಣವನ್ನು ಮೆಲ್ಲಗೆ ಎತ್ತಿ ತೆಗೆಯಿರಿ, ಆ ಬೆಳ್ಳಿ ಮಬ್ಬು ತಾನಾಗಿ ಬರುತ್ತದೆ. ತೊಟ್ಟಿನ ಬಟ್ಟಲಿಗೆ ಟ್ಯೂಬಿನ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನಾ ಸೇರಿಸಿದರೆ ಜೀವವಿರುವ ಕಪ್ಪು ಸಿಗುತ್ತದೆ.

ಸುರಗಿಯಂಥ ಬಿಳಿ ಹೂವಿಗೆ ಕ್ರಮ ಬೇರೆ. ಬಿಳಿ ಹೂವಿಗೆ ಬಿಳಿ ಬಣ್ಣ ಹಚ್ಚಬೇಡಿ. ಸುತ್ತಲಿನ ರೆಂಬೆ, ಎಲೆ, ನೆರಳು ಹಚ್ಚುತ್ತ ಬನ್ನಿ, ಕಾಗದದ ಬಿಳಿಯೇ ಹೂವಾಗಿ ಉಳಿಯಲಿ. ಸುರಗಿ ಹಳೆಯ ಕೊಂಬೆಗೇ ಅಂಟಿಕೊಂಡು ಗೊಂಚಲಾಗಿ ಬಿಡುವುದರಿಂದ ಹಿಂದೆ ತೊಗಟೆಯ ಕಂದು ಇರುತ್ತದೆ, ಕೆಲಸ ಸುಲಭ.

ಜಲವರ್ಣದಲ್ಲಿ ಬೆಳಕು ಮತ್ತು ಮಂಜನ್ನು ಹೇಗೆ ಹಿಡಿಯುವುದು ಅಂತ ಕಲಿಯಬೇಕಿದ್ದರೆ ಕೆ. ವೆಂಕಟಪ್ಪ (1886–1965) ಅವರ ಊಟಿಯ ಚಿತ್ರಗಳನ್ನು ನೋಡಿ. ಮುದ್ರಿಸಿದ ಪುಸ್ತಕದಲ್ಲಿ ನೋಡುವುದಕ್ಕೂ ಎದುರು ನಿಂತು ನೋಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಹಂತ 4: ಬಣ್ಣ ಮತ್ತು ಕಾಗದ

ಕಾಗದ 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ), ನೂರಕ್ಕೆ ನೂರು ಹತ್ತಿಯದು. ದುಬಾರಿ ಅನ್ನಿಸುತ್ತದೆ, ಆದರೆ ಮಾರುವ ಚಿತ್ರಕ್ಕೆ ಇದರಲ್ಲಿ ಉಳಿಸಲು ಹೋಗಬೇಡಿ. ಅಗ್ಗದ ಕಾಗದ ಕೆಲವೇ ವರ್ಷಕ್ಕೆ ಹಳದಿಯಾಗುತ್ತದೆ.

ಬಣ್ಣ ಕೊಳ್ಳುವಾಗ ಮುಂದಿನ ಚಂದದ ಹೆಸರು ಓದುವ ಬದಲು ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ, ಒಳಗೆ ಯಾವ ಬಣ್ಣದ ಪುಡಿ ಇದೆ ಅನ್ನುವ ಸಂಕೇತ ಅಲ್ಲಿರುತ್ತದೆ. ಪಿಬಿ 29 ಅಂದರೆ ಅಲ್ಟ್ರಾಮರೀನ್, ಬೆಳಕಿಗೆ ಹೆದರುವುದಿಲ್ಲ. ಪಿವಿ 19 ಗುಲಾಬಿಗೆ ಒಳ್ಳೆಯದು. ಪಿಆರ್ 83, ಅಂದರೆ ಹಳೆಯ ಅಲಿಜರಿನ್ ಕ್ರಿಮ್ಸನ್, ಬೆಳಕಿಗೆ ಮಾಸುತ್ತದೆ. ಕಣ್ಣು ಕುಕ್ಕುವ ಹೊಳೆಯುವ ಗುಲಾಬಿ ಬಣ್ಣಗಳೂ ಬಹಳ ಬೇಗ ಹೋಗುತ್ತವೆ. ನಂಬಿಕೆ ಬರದಿದ್ದರೆ ನೀವೇ ಪರೀಕ್ಷಿಸಿ: ನಿಮ್ಮಲ್ಲಿರುವ ಎಲ್ಲ ಬಣ್ಣವನ್ನೂ ಒಂದು ಪಟ್ಟಿಯಲ್ಲಿ ಹಚ್ಚಿ, ಅರ್ಧಕ್ಕೆ ದಪ್ಪ ಕಾಗದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಯುಗಾದಿಯಿಂದ ಮಳೆ ಹಿಡಿಯುವ ತನಕ ಬಿಡಿ. ಆಮೇಲೆ ಮುಚ್ಚಿದ್ದನ್ನು ತೆಗೆದು ನೋಡಿ. ಯಾವ ಬಣ್ಣವನ್ನು ಇಟ್ಟುಕೊಳ್ಳಬೇಕು ಅಂತ ಯಾರನ್ನೂ ಕೇಳಬೇಕಾಗುವುದಿಲ್ಲ.

ಹೂವಿನಿಂದಲೇ ಬಣ್ಣ ತೆಗೆದು ಬರೆಯಬಹುದಾ ಅಂತ ಕೇಳುವವರಿದ್ದಾರೆ. ಮುತ್ತುಗವನ್ನು ನೀರಲ್ಲಿ ಕುದಿಸಿದರೆ ಚೆಂದದ ಹಳದಿ ಬರುತ್ತದೆ, ಹೋಳಿಗೆ ಅದನ್ನೇ ಬಳಸುತ್ತಿದ್ದರು. ಮಕ್ಕಳ ಜೊತೆ ಮಾಡಿ, ಖುಷಿಯಾಗುತ್ತದೆ. ಮಾರುವ ಚಿತ್ರಕ್ಕೆ ಬೇಡ, ಬೆಳಕಿಗೆ ನಿಲ್ಲುವುದಿಲ್ಲ. ಮಣ್ಣಿನ ಬಣ್ಣದ ಕಥೆ ಬೇರೆ. ನಮ್ಮ ಸೀಮೆಯ ದೀವರ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅರೆದ ಅಕ್ಕಿಯ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಕೂದಲೆಳೆಯಂಥ ಗೆರೆ ಎಳೆಯುತ್ತಾರೆ. ಆ ಕೆಮ್ಮಣ್ಣನ್ನು ನಾನೂ ನುಣ್ಣಗೆ ಅರೆದು, ಸೋಸಿ, ಗೋಂದಿನ ನೀರಲ್ಲಿ ಕಲಸಿ ಇಟ್ಟುಕೊಂಡಿದ್ದೇನೆ. ತೊಗಟೆಗೆ, ಧರೆಗೆ, ಒಣ ಎಲೆಗೆ ಅದರಷ್ಟು ಒಪ್ಪುವ ಬಣ್ಣ ಅಂಗಡಿಯಲ್ಲಿ ಸಿಕ್ಕಿಲ್ಲ.

ಕುಂಚ ತೊಳೆದ ನೀರನ್ನು ಗಿಡಕ್ಕೂ ಬಾವಿಕಟ್ಟೆಗೂ ಚೆಲ್ಲಬೇಡಿ. ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣಗಳು ಕುಡಿಯುವ ನೀರಿನ ಹತ್ತಿರ ಹೋಗಬಾರದು. ಹಳೆಯ ಬಕೆಟಿನಲ್ಲಿ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಬಿಸಿಲಿಗೆ ನೀರು ಆರಿದ ಮೇಲೆ ಉಳಿದದ್ದನ್ನು ಕಾಗದದಲ್ಲಿ ಒರೆಸಿ ಬೇರೆ ಇಡಿ.

ಹಂತ 5: ಯಾವ ಪ್ರದರ್ಶನಕ್ಕೆ ಹೋಗಬೇಕು

ಎಲ್ಲದಕ್ಕೂ ಹೋಗಬೇಡಿ. ವರ್ಷಕ್ಕೆ ಎರಡು ಸಾಕು.

ಹೊಸಬರಿಗೆ ನಾನು ಮೊದಲು ಹೇಳುವುದು ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿದೆ. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ. ಅರ್ಜಿ ತಿಂಗಳುಗಳ ಮೊದಲೇ ಕರೆಯುತ್ತಾರೆ, ಮಳೆಗಾಲ ಮುಗಿಯುತ್ತಿದ್ದ ಹಾಗೆ ವಿಚಾರಿಸಿಕೊಳ್ಳಿ. ಇದು ನಮ್ಮಂಥವರಿಗೆ ಹೇಳಿ ಮಾಡಿಸಿದ ಸಮಯ. ಹೋದ ವಸಂತದ ಚಿತ್ರ ಕೈಯಲ್ಲಿರುತ್ತದೆ, ಈ ವಸಂತ ಇನ್ನೂ ಶುರುವಾಗಿರುವುದಿಲ್ಲ. ಒಂದೇ ದಿನ, ರಸ್ತೆ ಬದಿ, ಜನವೋ ಜನ. ಅಲ್ಲಿಗೆ ದೊಡ್ಡ ಫ್ರೇಮು ಹೊತ್ತುಕೊಂಡು ಹೋಗಬೇಡಿ. ಎ4 ಅಳತೆಯ ಚಿತ್ರಗಳನ್ನು ಮೌಂಟ್ ಮಾಡಿ ಪಾರದರ್ಶಕ ಕವರಿನಲ್ಲಿ ಹಾಕಿ. ಕಾರ್ಡುಗಳಿರಲಿ, ನೂರಿನ್ನೂರು ರೂಪಾಯಿಗೆ ಮಗುವೊಂದು ಕೊಂಡು ಹೋಗುವಂಥದ್ದು. ಹಣ ಕಟ್ಟುವ ಕ್ಯೂಆರ್ ಕೋಡ್ ದೊಡ್ಡದಾಗಿ ಮುದ್ರಿಸಿ ತೂಗುಹಾಕಿ, ಮಧ್ಯಾಹ್ನದ ಹೊತ್ತಿಗೆ ನೆಟ್‌ವರ್ಕ್ ಸಿಗದೇ ಹೋಗಬಹುದು, ಚಿಲ್ಲರೆಯೂ ಇರಲಿ. ಕೊಡೆ, ಕ್ಲಿಪ್ಪು, ನೀರು, ಮತ್ತು ನೀವು ಊಟಕ್ಕೆ ಎದ್ದಾಗ ಕೂರಲು ಒಬ್ಬರು.

ಎರಡನೆಯದು ಗ್ಯಾಲರಿಯ ಗುಂಪು ಪ್ರದರ್ಶನ. ಪರಿಷತ್ತಿನಲ್ಲೇ ಗ್ಯಾಲರಿಗಳಿವೆ. ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನಕ್ಕೆ ಕೃತಿ ಕಳಿಸಬಹುದು. ಮೈಸೂರು, ಧಾರವಾಡ, ಶಿವಮೊಗ್ಗ ಕಡೆ ನಡೆಯುವುದನ್ನೂ ಬಿಡಬೇಡಿ, ಮಲೆನಾಡಿನ ಹೂವನ್ನು ಗುರುತು ಹಿಡಿಯುವ ಕಣ್ಣು ಅಲ್ಲಿ ಜಾಸ್ತಿ. ದಿನ ಆರಿಸುವ ಅವಕಾಶ ನಿಮಗಿದ್ದರೆ ಹೂವಿನ ದಿನಚರಿ ತೆಗೆದು ನೋಡಿ, ಖಾಲಿ ಇರುವ ವಾರ ಕೇಳಿ. ನನ್ನ ಹಿತ್ತಲಿನಲ್ಲಿ ಮುತ್ತುಗ ಉದುರಿ ಕಕ್ಕೆ ಬಿಡುವ ನಡುವೆ ಹತ್ತು ಹನ್ನೆರಡು ದಿನ ಬಿಡುವು ಸಿಗುತ್ತದೆ. ನಾನು ಬೆಂಗಳೂರಿಗೆ ಹೋಗುವುದು ಆಗ.

ಅರ್ಜಿಗೆ ಸಹಿ ಹಾಕುವ ಮೊದಲು ಮೂರು ವಿಷಯ ಬರಹದಲ್ಲಿ ಕೇಳಿ: ಮಾರಾಟದಲ್ಲಿ ಗ್ಯಾಲರಿಯ ಪಾಲು ಎಷ್ಟು, ಹಣ ಎಷ್ಟು ದಿನಕ್ಕೆ ಬರುತ್ತದೆ, ಚಿತ್ರಕ್ಕೆ ಹಾನಿಯಾದರೆ ಯಾರ ಹೊಣೆ. ಬಾಯಿಮಾತಿನಲ್ಲಿ ಬಿಟ್ಟು ನಾನು ಒಂದು ವರ್ಷ ಅಲೆದಿದ್ದೇನೆ.

ಹಂತ 6: ಫ್ರೇಮು, ಕಟ್ಟು, ಪ್ರಯಾಣ

ಎರಡೇ ಅಳತೆಯಲ್ಲಿ ಬರೆಯಿರಿ. ಮಾರಾಟವಾಗದ ಚಿತ್ರ ತೆಗೆದು ಅದೇ ಫ್ರೇಮಿಗೆ ಮುಂದಿನ ವರ್ಷದ ಚಿತ್ರ ಹಾಕಬಹುದು, ಅರ್ಧಕ್ಕರ್ಧ ಖರ್ಚು ಉಳಿಯುತ್ತದೆ.

ಫ್ರೇಮ್ ಅಂಗಡಿಯಲ್ಲಿ ನಿಂತು ಮಾಡಿಸಿ. ನನ್ನ ಮೊದಲ ಪ್ರದರ್ಶನದ ಚಿತ್ರಗಳಿಗೆ ಒಬ್ಬರು ಸಾಮಾನ್ಯ ಸೆಲ್ಲೋಟೇಪು ಹಚ್ಚಿ ಕೂರಿಸಿದ್ದರು, ನಾಲ್ಕು ವರ್ಷಕ್ಕೆ ಅದರ ಅಂಟು ಕಾಗದದೊಳಗೆ ಇಳಿದು ಮುಂದಿನ ತನಕ ಕಂದು ಕಲೆ ಬಂತು. ಅದನ್ನು ಕೊಂಡವರ ಮನೆಯಲ್ಲಿ ನೋಡಿದಾಗ ಬಹಳ ನೋವಾಯಿತು. ಆಮ್ಲರಹಿತ ಮೌಂಟ್ ಬೋರ್ಡ್ ಕೇಳಿ. ಚಿತ್ರವನ್ನು ಮೇಲಿನ ಅಂಚಲ್ಲಿ ಮಾತ್ರ, ತೆಳು ಜಪಾನಿ ಕಾಗದದ ಎರಡು ತುಂಡು ಮತ್ತು ಗೋಧಿ ಪಿಷ್ಟದ ಅಂಟಿನಿಂದ ತೂಗುಬಿಡಿ. ಕೆಳಗೆ ಸಡಿಲ ಇರಲಿ, ಹವೆ ಬದಲಾದಂತೆ ಕಾಗದ ಹಿಗ್ಗಿ ಕುಗ್ಗುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು, ತಾಗಿದರೆ ಮಳೆಗಾಲದಲ್ಲಿ ಅಲ್ಲೇ ಬೂಷ್ಟು ಹಿಡಿಯುತ್ತದೆ.

ಕಟ್ಟುವಾಗ ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡಡ್ಡ ಅಂಟಿಸಿ. ಒಡೆದರೂ ಚೂರು ಚಿತ್ರದ ಮೇಲೆ ಬೀಳುವುದಿಲ್ಲ. ಎರಡೆರಡು ಚಿತ್ರ ಮುಖಕ್ಕೆ ಮುಖ ಮಾಡಿ, ನಡುವೆ ರಟ್ಟು, ನಾಲ್ಕು ಮೂಲೆಗೂ ರಟ್ಟಿನ ಟೋಪಿ. ಮೊದಲು ಹಳೆಯ ಹತ್ತಿ ಸೀರೆ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಿದರೆ ಒಳಗೆ ಬೆವರುತ್ತದೆ. ಸಾಗಿಸುವಾಗ ಯಾವತ್ತೂ ನಿಲ್ಲಿಸಿಯೇ ಇಡಿ, ಮಲಗಿಸಬೇಡಿ. ನಾನು ತಾಳಗುಪ್ಪದಿಂದ ರಾತ್ರಿ ರೈಲಿಗೆ ಹೋಗುತ್ತೇನೆ. ಬಸ್ಸಿನ ಡಿಕ್ಕಿಗಿಂತ ಕಣ್ಣೆದುರಿನ ಬರ್ತ್ ಸುರಕ್ಷಿತ.

ಊರು ಬಿಡುವ ಹಿಂದಿನ ದಿನ ಎಳೆ ಗಿಡಗಳ ಬುಡಕ್ಕೆ ತೂತು ಮಾಡಿದ ಮಡಕೆ ಹೂತು ನೀರು ತುಂಬಿ, ಬಾಯಿಗೆ ಹೆಂಚು ಮುಚ್ಚಿ. ನಾಲ್ಕೈದು ದಿನ ಚಿಂತೆಯಿಲ್ಲ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹೋಗಿ. ನಮ್ಮ ಪಕ್ಕದ ಮನೆಯ ಅಮ್ಮ ಪ್ರತಿ ವರ್ಷವೂ ಫೋನು ಮಾಡುತ್ತಾರೆ: "ತಂಗೀ, ನಿನ್ನ ಕಕ್ಕೆ ಮೊಗ್ಗು ಬಿಟ್ಟಿತು ನೋಡು, ಯಾವಾಗ ಬರ್ತೀಯೆ?"

ಹಂತ 7: ಗ್ಯಾಲರಿಯೊಳಗೆ

ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರದಲ್ಲಿರಲಿ. ದೀಪ ಗಾಜಿಗೆ ಹೊಡೆದು ಹೊಳೆಯುತ್ತಿದೆಯಾ ಅಂತ ಎಲ್ಲ ಕಡೆ ನಿಂತು ನೋಡಿ. ಬೆಲೆ ಎಲ್ಲ ಕಡೆಯೂ ಒಂದೇ ಇರಲಿ, ಊರಲ್ಲೊಂದು ಪೇಟೆಯಲ್ಲೊಂದು ಬೇಡ.

ಚೀಟಿಯಲ್ಲಿ ಹೂವಿನ ಕನ್ನಡ ಹೆಸರು ಮೊದಲು ಬರೆಯಿರಿ. ಮಾಧ್ಯಮ, ಅಳತೆ, ವರ್ಷ, ಬೆಲೆ ಆಮೇಲೆ. ಜೊತೆಗೆ ಒಂದು ಸಾಲು: ಎಲ್ಲಿ, ಯಾವ ತಿಂಗಳಲ್ಲಿ ಕಂಡದ್ದು. ಜನ ಬೆಲೆಗಿಂತ ಮೊದಲು ಅದನ್ನು ಓದುತ್ತಾರೆ, ನಮ್ಮೂರಲ್ಲಿ ಇದಕ್ಕೆ ಹೀಗನ್ನುತ್ತಾರೆ ಅಂತ ಮಾತಿಗೆ ಶುರು ಮಾಡುತ್ತಾರೆ. ಹಾಗೆ ಸಿಕ್ಕಿದ ಹೆಸರುಗಳನ್ನೆಲ್ಲ ಬರೆದುಕೊಳ್ಳಿ.

ಹೋದ ವರ್ಷ ಸುರಗಿ ಚಿತ್ರದ ಕೆಳಗೆ ಒಂದು ಹಿತ್ತಾಳೆ ಬಟ್ಟಲಲ್ಲಿ ಒಣಗಿದ ಸುರಗಿ ಇಟ್ಟಿದ್ದೆ. ನಮ್ಮ ಕಡೆ ಅರಳುವ ಮೊದಲೇ ಮೊಗ್ಗು ಆರಿಸಿ, ಒಣಗಿಸಿ ಎತ್ತಿಡುತ್ತಾರೆ, ಒಣಗಿದ ಮೇಲೂ ಪರಿಮಳ ಹಾಗೇ ಉಳಿಯುತ್ತದೆ. ಸುಮಾರು ಎಪ್ಪತ್ತು ವರ್ಷದ ಒಬ್ಬ ಅಮ್ಮ ಮಗನ ಜೊತೆ ಬಂದಿದ್ದರು, ಬೇರೆ ಗೋಡೆ ನೋಡುತ್ತಿದ್ದವರು ತಿರುಗಿದರು. ಬಟ್ಟಲಿನಿಂದ ಎರಡು ಮೊಗ್ಗು ತೆಗೆದು ಮೂಗಿನ ಹತ್ತಿರ ಹಿಡಿದು, "ಕುಮಟೆಯ ಅಪ್ಪನ ಮನೆಯ ಪೆಟ್ಟಿಗೆಯ ವಾಸನೆ ಇದು" ಅಂದರು. ಚಿತ್ರವನ್ನು ಆಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಆ ಎರಡು ಮೊಗ್ಗನ್ನು ಕಾಗದದಲ್ಲಿ ಕಟ್ಟಿ ಕೊಟ್ಟೆ. ಹಿತ್ತಲಿನಿಂದ ಏನಾದರೂ ಒಂದನ್ನು ಒಯ್ಯಿರಿ ಅಂತ ಹೇಳುವುದು ಇದಕ್ಕೇ. ಒಂದು ಬೂರುಗದ ಕಾಯಿ, ಒಂದು ಸಾಗಡೆ ಚಿಗುರು, ಏನಾದರೂ ಆದೀತು.

ಹಂತ 8: ಮಳೆ ಹಿಡಿಯುವ ಮೊದಲು

ಮೇ ಕೊನೆಯ ಒಣ ದಿನಗಳಲ್ಲಿ ಈ ಕೆಲಸ ಮುಗಿಯಲೇಬೇಕು. ಮಲೆನಾಡಿನ ಮಳೆಗೆ ಮೊದಲು ಬಲಿಯಾಗುವುದು ಕಾಗದ. ಬರೆದ ಚಿತ್ರಗಳನ್ನು ನೆರಳಲ್ಲಿ ಗಾಳಿಗೆ ಒಂದು ದಿನ ಹರಡಿ, ನಡುವೆ ಆಮ್ಲರಹಿತ ಕಾಗದ ಇಟ್ಟು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲದ ಜೊತೆ ಇಡಿ. ಗೋಡೆಗೆ ತಾಗಿಸಬೇಡಿ, ನೆಲದ ಮೇಲೂ ಬೇಡ. ಅಡುಗೆಮನೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡಬೇಡಿ, ಹೊಗೆ ಕೂರುತ್ತದೆ. ಆಗಸ್ಟಿನಲ್ಲಿ ಬಿಸಿಲು ಬಿದ್ದ ಒಂದು ದಿನ ತೆಗೆದು ಗಾಳಿಯಾಡಿಸಿ, ಸಿಲಿಕಾ ಚೀಲವನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.

ಮುಚ್ಚಳ ಹಾಕುವ ಮೊದಲು ಪೆಟ್ಟಿಗೆಯ ಮೇಲೆ ಪಟ್ಟಿ ಅಂಟಿಸಿ. ನನ್ನ ಈ ವರ್ಷದ ಪಟ್ಟಿಯಲ್ಲಿ ಹದಿನಾಲ್ಕು ಹೆಸರಿವೆ. ಮುತ್ತುಗ ಮೂರು, ಸುರಗಿ ಎರಡು, ಸಾಗಡೆ ಚಿಗುರು ನಾಲ್ಕು, ಕಕ್ಕೆ ಎರಡು, ಕೇಪಳ ಎರಡು. ಕೊನೆಯದು ಸೀತಾಳೆ ದಂಡೆ, ಇನ್ನೂ ಹಲಗೆಯ ಮೇಲೇ ಇದೆ. ನಿನ್ನೆ ಸಂಜೆ ಮಳೆ ಬಂದು ಅರ್ಧಕ್ಕೆ ಏಣಿ ಇಳಿದೆ. ಇವತ್ತು ಬೆಳಿಗ್ಗೆ ಮೋಡ ಇಲ್ಲ, ಮತ್ತೆ ಹತ್ತಬೇಕು.